ನೂರಾ ತೊಂಬತ್ತೊಂಬತ್ತು ಗೋಲಿನ ಕೋಚ್

ಹೈನರ್: ‘ನೀವು’ ಅಂದ್ಯಾ? ನನಗೆ?

ಎವಾಲ್ಡ್: ಅಂದೆ. ಬೇಕಾದ್ರೆ ಇನ್ನೊಂದ್ಸಲ ಅಂತೀನಿ. ಟಪ್ಪೆಯವರೇ, ನೀವು ದಯವಿಟ್ಟು ಕೂತ್ಕೊಳ್ಳಿ.

ಹೈನರ್: ಆರನೇ ವಯಸ್ಸಿಂದ ಒಂದೇ ಟೀಮಲ್ಲಿ ಆಡಿದವರು ಕಣೋ ನಾವು. ಈ ಮೈದಾನದ ಬೇಲಿಯೊಳಗೆ ಮೇಯರ್ ಬಂದ್ರೂ ‘ನೀನು’, ಡಾಕ್ಟರ್ ಬಂದ್ರೂ ‘ನೀನು’. ಪಾದ್ರಿಗಳು ಪೆನಾಲ್ಟಿ ಹೊಡೆಯೋಕೆ ನಿಂತಾಗಲೂ ‘ಎಡಕ್ಕೆ ಹೊಡಿ’ ಅಂತ ಕೂಗಿದೀವಿ. ಇವತ್ತು ನಿನಗೇನು ಬಂತು?

ಎವಾಲ್ಡ್: ಈ ಕವರ್ ಕೊಡೋ ಕೆಲಸ ಬಂತು.

ಭಾನುವಾರ ಸಂಜೆ ಐದೂವರೆ. ನಮ್ಮ ಎರ್ಲೆನ್‌ಬ್ರೋಕ್ ಊರಿನ ಫುಟ್ಬಾಲ್ ಕ್ಲಬ್ಬಿನ ಊಟದ ಕೋಣೆ. ಎವಾಲ್ಡ್ ಕ್ಲಬ್ಬಿನ ಅಧ್ಯಕ್ಷ, ವಾರದ ದಿನಗಳಲ್ಲಿ ಮನೆಗಳಿಗೆ ಹೆಂಚು ಹೊದಿಸುವ ಮೇಸ್ತ್ರಿ. ಹೈನರ್ ಟಪ್ಪೆ ಒಂದು ಕಾಲಕ್ಕೆ ನಮ್ಮ ಸ್ಟ್ರೈಕರ್, ಈಗ ಆರು ವರ್ಷದಿಂದ ಕೋಚ್. ನಾನು ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು. ಮೂಲೆಯಲ್ಲಿ ಬಿಯರ್ ಹಿಡಿದು ಕೂತಿದ್ದೆ, ನನ್ನನ್ನು ಯಾರೂ ಗಮನಿಸಲಿಲ್ಲ. ಅರ್ಧ ಗಂಟೆ ಹಿಂದಷ್ಟೇ, ಆಗಸ್ಟಿನಿಂದ ಮೇವರೆಗಿನ ಆಟದ ವರ್ಷದ ಕೊನೆಯ ಪಂದ್ಯ ಒಂದು–ಒಂದು ಗೋಲಿನಲ್ಲಿ ಸಮವಾಗಿ ಮುಗಿದು, ನಮ್ಮ ಕ್ಲಬ್ ಕೆಳಗಿನ ದರ್ಜೆಗೆ ಬಿದ್ದಿತ್ತು. ಗೆದ್ದಿದ್ದರೆ ಉಳಿಯುತ್ತಿದ್ದೆವು. ಗೆಲ್ಲದೆ ಹೋದದ್ದು ಯಾರಿಂದ ಎಂಬುದು ಮೈದಾನದ ಸುತ್ತ ನಿಂತಿದ್ದ ನೂರಿಪ್ಪತ್ತು ಜನಕ್ಕೂ ಗೊತ್ತು. ಹೈನರ್ ಒಬ್ಬನಿಗೆ ಮಾತ್ರ ಇನ್ನೂ ತಿಳಿದಿರಲಿಲ್ಲ.

ಎವಾಲ್ಡ್: ಎಂಬತ್ತಾರನೇ ನಿಮಿಷ. ನಮ್ಮ ಹುಡುಗ ಯಾನಸ್ ಒದ್ದ ಚೆಂಡು ಗೋಲೊಳಗೆ ಹೋಗ್ತಿತ್ತೋ ಇಲ್ವೋ?

ಹೈನರ್: ಹೋಗ್ತಿತ್ತು.

ಎವಾಲ್ಡ್: ಅವರ ಗೋಲ್‌ಕೀಪರ್ ಎಲ್ಲಿದ್ದ?

ಹೈನರ್: ನೆಲದ ಮೇಲೆ.

ಎವಾಲ್ಡ್: ಚೆಂಡಿಗೂ ಗೋಲಿಗೂ ಮಧ್ಯೆ ಯಾರಿದ್ರು?

ಹೈನರ್: ನಾನಿದ್ದೆ.

ಎವಾಲ್ಡ್: ಯಾಕಿದ್ರಿ?

ಹೈನರ್: ಸ್ಟ್ರೈಕರ್ ಎಲ್ಲಿರಬೇಕೋ ಅಲ್ಲಿದ್ದೆ.

ಎವಾಲ್ಡ್: ನೀವು ಕೋಚು. ಕೋಚ್ ಆದವನು ಗೆರೆಯಿಂದಾಚೆ ನಿಂತ್ಕೋಬೇಕು. ಚೆಂಡು ನಿಮಗೆ ಎಲ್ಲಿಗೆ ತಗುಲ್ತು?

ಹೈನರ್: ಸೊಂಟಕ್ಕೆ.

“ಅಂಡಿಗೆ” ಎಂದು ಅಡುಗೆಮನೆಯ ಕಿಟಕಿಯಿಂದ ಉತ್ತರ ಬಂತು. ಅದು ಮಾರ್ಲೀಸ್, ಹೈನರನ ಹೆಂಡತಿ. ಪಂದ್ಯದ ದಿನ ಸಾಸೇಜು ಸುಡುವುದು, ಆಲೂಗಡ್ಡೆ ಸಲಾಡ್ ಕಲೆಸುವುದು ಅವಳ ಪಾಲಿಗೆ ಬಂದು ಇಪ್ಪತ್ತು ವರ್ಷವಾಗಿತ್ತು. ಆ ಕಿಟಕಿಯಿಂದ ಇಡೀ ಮೈದಾನ ಕಾಣುತ್ತದೆ.

ಹೈನರ್: ಎಲ್ಲಿಗೆ ತಗುಲಿದ್ರೇನು, ಚೆಂಡು ಒಳಗೆ ಹೋಯ್ತಲ್ಲ. ಕೊನೇಗೆ ಮುಟ್ಟಿದವನು ನಾನು. ನ್ಯಾಯವಾಗಿ ಅದು ನನ್ನ ಇನ್ನೂರನೇ ಗೋಲು.

ಎವಾಲ್ಡ್: ನ್ಯಾಯವಾಗಿ ಅದು ಆಫ್‌ಸೈಡು. ಅವರ ಕಡೆಯವರನ್ನೆಲ್ಲ ದಾಟಿ ಮುಂದೆ ನಿಂತಿದ್ರಿ, ರೆಫರಿ ಸೀಟಿ ಊದಿದ್ದು ಕೇಳಿಸ್ಲಿಲ್ವಾ? ನೀವು ಮುಟ್ಟದೇ ಇದ್ದಿದ್ರೆ ನಾವು ಎರಡು–ಒಂದು. ನೀವು ಮುಟ್ಟಿದ್ರಿ, ನಾವು ಕೆಳಗಿನ ದರ್ಜೆ.

ಹೈನರ್ ಹೊಡೆದ ಗೋಲುಗಳ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅವನೇ ಹೇಳಲು ಶುರುಮಾಡುತ್ತಾನೆ. ಇಪ್ಪತ್ತೊಂದು ವರ್ಷ ಆಡಿ ನೂರಾ ತೊಂಬತ್ತೊಂಬತ್ತು ಹೊಡೆದ. ಅದರಲ್ಲಿ ಅರವತ್ತು ಪೆನಾಲ್ಟಿ. ಆ ಅರವತ್ತರಲ್ಲಿ ಅರ್ಧಕ್ಕೆ ಅವನನ್ನು ಯಾರೂ ಬೀಳಿಸಿರಲಿಲ್ಲ, ಗಾಳಿ ಸೋಕಿದರೆ ಸಾಕು, ಬೀಳುತ್ತಿದ್ದ. ಒಂದು ವರ್ಷ ದೊಡ್ಡ ಊರಿನ ಕ್ಲಬ್ಬಿನವರು ಕರೆದುಕೊಂಡು ಹೋಗಿ ಹನ್ನೊಂದು ಪಂದ್ಯ ಬೆಂಚಿನ ಮೇಲೆ ಕೂರಿಸಿ, ಒಂದೇ ಒಂದು ಸಲ ನಾಲ್ಕು ನಿಮಿಷ ಆಡಿಸಿದರು. ಆ ನಾಲ್ಕು ನಿಮಿಷದ ಕಥೆ ಹೇಳಲು ಅವನಿಗೆ ನಲವತ್ತು ನಿಮಿಷ ಬೇಕು. ಆಮೇಲೆ ಮಂಡಿ ಕೈಕೊಟ್ಟಿತು, ಎಣಿಕೆ ಅಲ್ಲಿಗೇ ನಿಂತಿತು. ಹಾಗಾಗಿ ಕೋಚ್ ಆದ. ಅವನ ತರಬೇತಿಯೆಂದರೆ, ಪಂದ್ಯದ ಅರ್ಧಕ್ಕೆ ಹುಡುಗರು ಏದುಸಿರು ಬಿಡುತ್ತ ಬಂದು ಕೂತಾಗ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಜೋಡಿಸಿ ತೊಂಬತ್ತೊಂದನೇ ಇಸವಿಯಲ್ಲಿ ತಾನು ಹೊಡೆದ ಗೋಲನ್ನು ತೋರಿಸುವುದು. ಉಪ್ಪಿನ ಡಬ್ಬಿ ಅವನು, ಮಿಕ್ಕವರೆಲ್ಲ ಮೆಣಸು. ಇವತ್ತು ಇನ್ನು ಹತ್ತು ನಿಮಿಷ ಇರುವಾಗ, ಚೆನ್ನಾಗಿ ಆಡುತ್ತಿದ್ದ ಒಬ್ಬ ಹುಡುಗನನ್ನು ಹೊರಗೆ ಕರೆದು, ಐವತ್ತನಾಲ್ಕರ ಈ ಮನುಷ್ಯ ಚಡ್ಡಿ ಏರಿಸಿಕೊಂಡು ತಾನೇ ಮೈದಾನಕ್ಕೆ ಇಳಿದಿದ್ದ.

ಎವಾಲ್ಡ್ ಕವರನ್ನು ಮೇಜಿನ ಮೇಲಿಟ್ಟು ಹೈನರನ ಕಡೆಗೆ ಎರಡು ಬೆರಳಿನಲ್ಲಿ ತಳ್ಳಿದ. ಹೈನರ್ ಅದನ್ನು ವಾಪಸ್ಸು ತಳ್ಳಿದ.

ಹೈನರ್: ಮೊದಲು ‘ನೀನು’ ಅನ್ನು. ಆಮೇಲೆ ಕೊಡು.

ಎವಾಲ್ಡ್: ಆಗಲ್ಲ.

ಹೈನರ್: ಯಾಕಾಗಲ್ಲ?

ಎವಾಲ್ಡ್: ‘ನೀನು’ ಅಂದ್ಕೊಂಡು ನಿನ್ನನ್ನ ತೆಗೆಯೋಕೆ ನನ್ನ ಕೈಲಿ ಆಗಲ್ಲ ಕಣೋ. ನಿನ್ನೆ ರಾತ್ರಿಯಿಂದ ಕನ್ನಡಿ ಮುಂದೆ ನಿಂತು ನೋಡ್ದೆ. ‘ಹೈನರ್, ನಿನ್ನನ್ನ’ ಅಂತ ಶುರುಮಾಡಿದ್ರೆ ‘ಊಟಕ್ಕೆ ಕರೀತೀನಿ’ ಅಂತ ಮುಗಿಯುತ್ತೆ. ‘ಟಪ್ಪೆಯವರೇ, ತಮ್ಮನ್ನ’ ಅಂದ್ರೆ ಸಲೀಸಾಗಿ ಬರುತ್ತೆ. ಅದಕ್ಕೇ.

ಹೈನರ್: ನಿನ್ನೆ ರಾತ್ರಿ? ಪಂದ್ಯ ಇವತ್ತಲ್ವಾ ಆಗಿದ್ದು?

ಎವಾಲ್ಡ್ ಕೆಮ್ಮಿದ. ಕಾಗದ ಬರೆದದ್ದು ಮಾರ್ಚ್ ತಿಂಗಳಲ್ಲಿ, ತಾರೀಖು ಮಾತ್ರ ಖಾಲಿ ಬಿಟ್ಟಿತ್ತು ಎಂದು ಒಪ್ಪಿಕೊಂಡ. ಗೆದ್ದಿದ್ದರೆ ಹರಿದು ಹಾಕಬೇಕು ಎಂದುಕೊಂಡಿದ್ದನಂತೆ. ಹೈನರ್ ಕವರನ್ನು ಕೈಗೆತ್ತಿಕೊಂಡ. ಅವನ ಮುಖ ನೋಡಿ ನನಗೂ ಪಾಪ ಅನ್ನಿಸಿತು, ಸುಳ್ಳೇಕೆ ಹೇಳಲಿ. ಭಾನುವಾರದ ಈ ಎರಡು ಗಂಟೆ ಬಿಟ್ಟರೆ ಅವನಿಗೆ ಬೇರೆ ಏನೂ ಇರಲಿಲ್ಲ. ವಾರವೆಲ್ಲ ಗೋದಾಮಿನಲ್ಲಿ ಡಬ್ಬ ಎತ್ತುವಾಗ ಅವನ ನೂರಾ ತೊಂಬತ್ತೊಂಬತ್ತನ್ನು ಕೇಳುವವರು ಯಾರಿದ್ದಾರೆ?

ಆದರೆ ಪಾಪ ಅನ್ನಿಸಿದ್ದು ಅರ್ಧ ನಿಮಿಷ. ಕವರ್ ಒಡೆದು ಓದಿದವನೇ ಹೈನರ್ ನಗಲು ಶುರುಮಾಡಿದ.

ಹೈನರ್: ‘ಕೋಚ್ ಹೈನರ್ ಟಪ್ಪೆ ಅವರನ್ನು ಹುದ್ದೆಯಿಂದ ಬಿಡುಗಡೆ ಮಾಡಲಾಗಿದೆ.’ ಅಲ್ವಾ?

ಎವಾಲ್ಡ್: ಹೌದು.

ಹೈನರ್: ಆಗಲ್ಲ. ನಾನು ಈ ಕ್ಲಬ್ಬಿನ ಕೋಚ್ ಅಲ್ಲವೇ ಅಲ್ಲ.

ಎವಾಲ್ಡ್: ಅದನ್ನೇ ಊರೆಲ್ಲ ಹೇಳ್ತಿರೋದು.

ಹೈನರ್: ತಮಾಷೆ ಅಲ್ಲ. ಜಿಲ್ಲಾ ಸಂಘದವರು ಕೋಚಿಗೆ ಲೈಸೆನ್ಸ್ ಇರಲೇಬೇಕು ಅಂದ್ರಲ್ಲ, ನೆನಪಿದೆಯಾ? ಎಂಟು ಶನಿವಾರ ತರಗತಿ, ಕೊನೇಗೆ ಪರೀಕ್ಷೆ. ನೂರಾ ತೊಂಬತ್ತೊಂಬತ್ತು ಗೋಲು ಹೊಡೆದವನು ಹೋಗಿ ಯಾವನೋ ಮೇಷ್ಟ್ರ ಮುಂದೆ ಕೈಕಟ್ಟಿ ಕೂರೋದಾ? ಮಾರ್ಲೀಸನ್ನ ಕಳಿಸ್ದೆ. ಸಂಘದ ಪುಸ್ತಕದಲ್ಲಿ ಇರೋದು ಅವಳ ಹೆಸರು. ಟಪ್ಪೆ, ಎಂ. ನೀನೇ ಸಹಿ ಹಾಕಿದೀಯ.

ಎವಾಲ್ಡ್: ನಾನಾ?

ಹೈನರ್: ನಿನ್ನ ಮುಂದೆ ಇಟ್ಟಿದ್ದಕ್ಕೆಲ್ಲ ಸಹಿ ಹಾಕ್ತೀಯಲ್ಲ ನೀನು. ಈಗ ತೆಗಿ ನೋಡೋಣ. ಇಲ್ಲದ ಕೋಚನ್ನ ಹೇಗೆ ತೆಗೀತೀಯ?

ಎವಾಲ್ಡ್ ಕಾಗದವನ್ನು ತೆಗೆದುಕೊಂಡು, ತಿರುಗಿಸಿ ಹಿಂಭಾಗವನ್ನೂ ನೋಡಿದ. ಯಾರೂ ಮುಟ್ಟದೆ ಬಿದ್ದು ಪೆನಾಲ್ಟಿ ಗಿಟ್ಟಿಸಿಕೊಂಡಾಗ ಹೈನರನ ಮುಖದಲ್ಲಿ ಯಾವ ಕಳೆ ಬರುತ್ತಿತ್ತೋ ಈಗಲೂ ಅದೇ ಬಂದಿತ್ತು. ಮಾರ್ಲೀಸ್ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಹುಡುಗರು ಬಟ್ಟೆ ಬದಲಿಸುವ ಕೋಣೆಯಲ್ಲಿ ಸ್ನಾನವನ್ನೂ ಮಾಡದೆ ಹಾಗೇ ಕೂತಿದ್ದಾರೆ, ಯಾನಸ್ ಅಳುತ್ತಿದ್ದಾನೆ, ನಿಮ್ಮಲ್ಲಿ ಒಬ್ಬರಾದರೂ ಹೋಗಿ ಮಾತಾಡಿಸಿದಿರಾ ಎಂದು ಕೇಳಿದಳು. ಇಬ್ಬರೂ ಸೂರು ನೋಡಿದರು.

ಎವಾಲ್ಡ್: ಮಾರ್ಲೀಸ್, ಕಾಗದದ ಪ್ರಕಾರ ನೀನೇ ಕೋಚಂತೆ. ಹಾಗಾದ್ರೆ ನಾನು ನಿನ್ನನ್ನ ತೆಗೀಬೇಕಾಗುತ್ತೆ. ಬೇಜಾರ್ ಮಾಡ್ಕೋಬೇಡ.

ಮಾರ್ಲೀಸ್: ಈ ವರ್ಷ ಎಷ್ಟು ಪಂದ್ಯ ಗೆದ್ವಿ?

ಎವಾಲ್ಡ್: ಮೂರು.

ಮಾರ್ಲೀಸ್: ಯಾವಾಗ?

ಎವಾಲ್ಡ್: ಅಕ್ಟೋಬರ್‌ನಲ್ಲಿ. ಮೂರೂ ಒಟ್ಟಿಗೆ. ಯಾಕೋ ಏನೋ, ಹುಡುಗರು ಇದ್ದಕ್ಕಿದ್ದ ಹಾಗೆ ಆಡಿಬಿಟ್ರು.

ಮಾರ್ಲೀಸ್: ಅಕ್ಟೋಬರ್‌ನಲ್ಲಿ ಇವನು ಎಲ್ಲಿದ್ದ?

ಎವಾಲ್ಡ್: ಆಸ್ಪತ್ರೆಯಲ್ಲಿ. ಮಂಡಿ ಕುಯ್ಸಿಕೊಂಡು.

ಮಾರ್ಲೀಸ್: ಗೆರೆ ಹತ್ತಿರ ಯಾರು ನಿಂತಿದ್ರು?

ಎವಾಲ್ಡ್: ನೀನಿದ್ದೆ. ಹುಡುಗರಿಗೆ ಚಹಾ ತಂದಿದೀಯ ಅಂದ್ಕೊಂಡೆ.

ಮಾರ್ಲೀಸ್: ಚಹಾನೂ ತಂದಿದ್ದೆ.

ಎವಾಲ್ಡ್ ಅವಳನ್ನು ನೋಡಿದ, ಹೈನರನನ್ನು ನೋಡಿದ, ಆಮೇಲೆ ಕಾಗದವನ್ನು ನಿಧಾನವಾಗಿ ನಾಲ್ಕಾಗಿ ಹರಿದ. ಹೈನರ್ ಅದು ತನ್ನ ಗೆಲುವೆಂದೇ ತಿಳಿದು, ಒಂದು ಸುತ್ತು ಬಿಯರ್ ತರಿಸಲು ಕೈ ಎತ್ತಿದ.

ಮಾರ್ಲೀಸ್: ಇಳಿಸು ಕೈನ. ನಾನು ಕೋಚಾದ್ರೆ ನೀನು ಯಾರು ಇವತ್ತು?

ಹೈನರ್: ಯಾರು ಅಂದ್ರೆ? ಆಟಗಾರ.

ಮಾರ್ಲೀಸ್: ಕೋಚನ್ನ ಕೇಳದೆ ಮೈದಾನಕ್ಕಿಳಿದ ಆಟಗಾರ.

ಹೈನರ್: ನೀನು ಸಾಸೇಜ್ ಸುಡ್ತಿದ್ದೆ.

ಮಾರ್ಲೀಸ್: ಕೇಳಿದ್ರೆ ಬೇಡ ಅಂತಿದ್ದೆ. ನೀನು ಟೀಮಲ್ಲಿ ಇಲ್ಲ ಹೈನರ್. ಮುಂದಿನ ವರ್ಷವೂ ಇಲ್ಲ. ಸೀಟಿ ಕೊಡು.

ಹೈನರ್: ಎವಾಲ್ಡ್, ನೋಡೋ ಇವಳನ್ನ.

ಎವಾಲ್ಡ್: ನಾನೇನು ಮಾಡ್ಲಿ? ನಾನು ಸಹಿ ಹಾಕಿದೀನಂತಲ್ಲ.

ಹೈನರನಿಗೆ ಕುತ್ತಿಗೆಯಿಂದ ಸೀಟಿ ತೆಗೆಯಲು ಬಹಳ ಹೊತ್ತು ಹಿಡಿಯಿತು. ದಾರ ಕಿವಿಗೆ ಸಿಕ್ಕಿಕೊಂಡಿತು, ಎವಾಲ್ಡೇ ಬಿಡಿಸಿಕೊಟ್ಟ. ಮಾರ್ಲೀಸ್ ಸೀಟಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು, ಸಲಾಡಿನ ದೊಡ್ಡ ಪಾತ್ರೆ ಎತ್ತಿಕೊಂಡು ಹುಡುಗರ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ಗೋಡೆ ತೆಳುವು, ಆ ಕಡೆಯ ದನಿ ಕೇಳುತ್ತಿತ್ತು. ಮೊದಲು ಅವಳೊಬ್ಬಳದೇ ಮಾತು, ಆಮೇಲೆ ಯಾರೋ ಪ್ರಶ್ನೆ ಕೇಳಿದ ಹಾಗಾಯಿತು, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಎವಾಲ್ಡ್ ಎದ್ದು ಹೋಗಿ ಗೋಡೆಗೆ ಕಿವಿ ಇಟ್ಟ. ಹೈನರ್ ತನ್ನ ಗ್ಲಾಸನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸುತ್ತ ಕೂತಿದ್ದ. ಕೊನೆಗೆ ತಡೆಯಲಾಗಲಿಲ್ಲ.

ಹೈನರ್: ನನ್ನ ಬಗ್ಗೆ ಏನಂತಿದಾಳೆ?

ಎವಾಲ್ಡ್: ಏನೂ ಇಲ್ಲ. ಹತ್ತು ನಿಮಿಷದಿಂದ ಬರೀ ಫುಟ್ಬಾಲ್ ಬಗ್ಗೆ ಮಾತಾಡ್ತಿದಾಳೆ.