ಮಾಮಾನ ವಾಟರ್‌ಫ್ರಂಟ್

ಲಾನ್ ಕತ್ತರಿಸುವ ಬೇಸರಕ್ಕೆ ಮನೆಯನ್ನೇ ಮಾರಿದ ಕನ್ನಡಿಗ ಇಡೀ ಸಿಡ್ನಿಯಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ! ಧಾರವಾಡದಿಂದ ಬಂದು ಜೀವನವೆಲ್ಲ ಎಂಜಿನಿಯರಾಗಿ ದುಡಿದವರು, ನಿವೃತ್ತಿಯಾದದ್ದೇ ತಡ, ಹಾಕ್ಸ್‌ಬರಿ ನದಿಯಲ್ಲಿ ಹಳೆಯ ದೋಣಿಯೊಂದನ್ನು ಕೊಂಡು ಅದರಲ್ಲೇ ಸಂಸಾರ ಹೂಡಿದರು. ಸಂಸಾರವೆಂದರೆ ಮಾಮಾ, ಒಂದು ಸೌದೆ ಒಲೆ, ಮತ್ತು ಒಂದು ಪೆಲಿಕನ್ ಹಕ್ಕಿ. "ಏ ಬಾಜೂಮನಿಯವ್ರ, ಬರ್ರಿ!" ಎಂದು ಕರೆದರೆ ಸಾಕು, ಆ ಹಕ್ಕಿ ತೇಲಿಕೊಂಡು ಬರುತ್ತದೆ. ನಾವಿರುವ ಕೆಲ್ಲಿವಿಲ್ ಸಬರ್ಬಿನಲ್ಲಿ ಹುಟ್ಟಿದ ನನ್ನ ಮಗಳನ್ನು ಕನ್ನಡದಲ್ಲಿ ಕರೆದು ನೋಡಿ. "ವಾಟ್?" ಎನ್ನುತ್ತಾಳೆ!

ಯುಗಾದಿ ಊಟಕ್ಕೆ ಕನ್ನಡದವರೆಲ್ಲ ಸೇರಿದ್ದಾಗ ಯಾರೋ ಮಾಮಾನನ್ನು ಕೇಳಿದರು, "ಯಾವ ಸಬರ್ಬು ಸಾರ್ ನಿಮ್ದು?"

"ಹಗ್ಗ ಎಲ್ಲಿ ಕಟ್ಟತೇನಿ, ಅದ ಸಬರ್ಬು!"

ಎಲ್ಲರೂ ನಕ್ಕರು. ನಾನು ಮಾತ್ರ ತಲೆ ತಗ್ಗಿಸಿ ಹೋಳಿಗೆಯ ಅಂಚನ್ನು ಪರೀಕ್ಷಿಸುತ್ತ ಕುಳಿತೆ. ಮನೆ, ಮಾರ್ಟ್‌ಗೇಜ್, ಎರಡು ಕಾರು ಎಂದು ಮರ್ಯಾದೆಯಾಗಿ ಬದುಕುವವರ ನಡುವೆ, ದೋಣಿಯಲ್ಲಿರುವ ಮಾಮಾನನ್ನು ಎಲ್ಲಿ ಇಟ್ಟುಕೊಳ್ಳುವುದು? ಪಕ್ಕದ ಬೀದಿಗೆ ಹೊಸದಾಗಿ ಬಂದ ಬೆಂಗಳೂರಿನ ಸುಮಾ, ಪ್ರಸಾದ್ ದಂಪತಿಗಳಿಗೆ ಅದಕ್ಕೇ ಹೇಳಿಬಿಟ್ಟಿದ್ದೆ: "ಮಾಮಾಗೆ ವಾಟರ್‌ಫ್ರಂಟ್‌ನಲ್ಲಿ ನದಿಗೆ ಮುಖಮಾಡಿದ ಮನೆ ಇದೆ, ನಾಲ್ಕು ಬೆಡ್‌ರೂಮು." ಬೆಡ್‌ರೂಮಿನ ಲೆಕ್ಕ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ!

ಅವರು ನಮ್ಮ ಮನೆಗೆ ಬಂದಿದ್ದಾಗಲೇ ಮಾಮಾನ ಫೋನು ಬರಬೇಕೇ? ಸ್ಪೀಕರಿನಲ್ಲಿ ಅವರ ದನಿ ಕೇಳಿದ್ದೇ ಪ್ರಸಾದ್, "ಅಂಕಲ್, ನಿಮ್ಮನೆ ನೋಡ್ಬೇಕಲ್ಲ!" ಎಂದರು. "ಐತವಾರ ಬರ್ರಿ, ರೊಟ್ಟಿ ಮಾಡತೇನಿ!" ಮುಗಿಯಿತು ನನ್ನ ಕಥೆ.

ಇಲ್ಲಿ ಜುಲೈ ಎಂದರೆ ಚಳಿಗಾಲ; ಅಂಥದೊಂದು ಭಾನುವಾರ. ನದಿಯ ಮೇಲೆ ಮಂಜು, ಎಲೆ ಅಲುಗದಷ್ಟು ಮೌನ. ಆ ಮೌನದ ನಡುವೆ, ಹಗ್ಗ ಕಟ್ಟಿ ನಿಲ್ಲಿಸಿದ ದೋಣಿಯ ಮೇಲೆ, ಬಾವುಟಗಳಂತೆ ಮಾಮಾನ ಬನಿಯನ್ನುಗಳು ಒಣಗುತ್ತಿದ್ದವು! ಸುಮಾ ಗುಡ್ಡದ ಮೇಲಿನ ಬಂಗಲೆಗಳನ್ನು ನೋಡುತ್ತ, "ಇದರಲ್ಲಿ ಯಾವುದು ಅಂಕಲ್?" ಎಂದು ದಡದಲ್ಲಿ ಕಾಯುತ್ತಿದ್ದ ಮಾಮಾನನ್ನು ಕೇಳಿದಳು.

"ಅಲ್ಲೆಲ್ಲಿ ನೋಡ್ತೀರಿ? ಇದ ನೋಡ್ರಿ. ತಲಿ ಬಗ್ಗಿಸಿ ಒಳಗ ಬರ್ರಿ!"

ತಲೆ ಬಗ್ಗಿಸಲು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಒಳಗೆ ಮಾಮಾ ಪಂಚೆ ಎತ್ತಿ ಕಟ್ಟಿ ಪಟಪಟನೆ ರೊಟ್ಟಿ ಬಡಿಯತೊಡಗಿದರು. ಹೊರಗೆ ಯಾವುದೋ ಮೋಟಾರು ದೋಣಿ ಹಾದುಹೋಗಿ, ಅದರ ಅಲೆಗೆ ನಮ್ಮ ದೋಣಿ ಓಲಾಡಿ, ತಟ್ಟೆಯಲ್ಲಿದ್ದ ಕಡಲೆಹಿಟ್ಟಿನ ಝುಣಕ ಪ್ರಸಾದರ ಬಿಳಿ ಬೂಟಿನ ಮೇಲೆ ಬಿತ್ತು. "ಹೆದರಬ್ಯಾಡ್ರಿ, ಮನಿ ಸ್ವಲ್ಪ ಆಕಳಿಸ್ತು!" ಸುಮಾ ಸಂಕೋಚದಿಂದ ಟಾಯ್ಲೆಟ್ ಕೇಳಿದಳು. ಮಾಮಾ ಎಲ್ಲರೆದುರೇ ಪಾಠ ಹೇಳಿದರು: "ಕೈಪಂಪು ಅದ. ಜೋರಾಗಿ ಹೊಡೀರಿ. ಆಗಲಿಲ್ಲಂದ್ರ ಒದರ್ರಿ, ನಾ ಬರ್ತೇನಿ!" ಅವಳಿಗೆ ಟಾಯ್ಲೆಟ್ಟಿನ ಅಗತ್ಯವೇ ಮಾಯವಾಯಿತು. ನನಗೋ, ನದಿಗೆ ಹಾರಿ ಈಜಿಕೊಂಡೇ ಕೆಲ್ಲಿವಿಲ್ ಸೇರೋಣವೆನ್ನಿಸಿತು.

ಬೂಟು ಒರೆಸಿಕೊಳ್ಳುತ್ತಿದ್ದ ಪ್ರಸಾದ್ ತಲೆಯೆತ್ತಿ ನನ್ನನ್ನು ನೋಡಿದರು. "ಅಲ್ಲಾ, ನಾಲ್ಕು ಬೆಡ್‌ರೂಮಿನ ಮನೆ ಅಂದಿದ್ರಿ?"

ರೊಟ್ಟಿಯ ಸದ್ದು ನಿಂತಿತು. ಮಾಮಾ ಒಮ್ಮೆ ನನ್ನ ಮುಖ ನೋಡಿದರು.

"ಅದು ನನ್ನ ತಪ್ಪರೀ," ಎಂದರು, ಹಿಟ್ಟಿನ ಕೈ ಒರೆಸಿಕೊಳ್ಳುತ್ತ. "ನಾನ ಹಂಗ ಹೇಳಂದಿದ್ದೆ. ಈ ವಯಸ್ಸಿನ್ಯಾಗ ದೋಣಿಯೊಳಗ ಇರ್ತಾನಂದ್ರ ನಾಕ ಮಂದಿ ನಗ್ತಾರ, ನನಗ ನಾಚಿಕಿ ಆಗ್ತದ. ಮುದುಕನ ಮರ್ಯಾದಿ ಉಳಸ್ಲಿಕ್ಕೆ ಪಾಪ, ಹುಡುಗಿ ಸುಳ್ಳು ಹೇಳ್ಯಾಳ."

ತಮ್ಮದಲ್ಲದ ನಾಚಿಕೆಯನ್ನು ಹೊತ್ತು ಮಾಮಾ ಅತಿಥಿಗಳ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ಅವರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ.

"ಇಲ್ಲ," ಎಂದೆ. "ಮಾಮಾ ಯಾರಿಂದಲೂ ಏನನ್ನೂ ಮುಚ್ಚಿಟ್ಟಿಲ್ಲ. ನಾಚಿಕೆಪಟ್ಟವಳು ನಾನು."

ಸುಮಾ ಮೆಲ್ಲನೆ ನನ್ನ ತಟ್ಟೆಯನ್ನು ನನ್ನತ್ತ ಸರಿಸಿದಳು. ಮಾಮಾ ಒಲೆಯ ಪಕ್ಕದ ಪಾತ್ರೆಗಳನ್ನು ತೆಗೆದು ಜಾಗ ಮಾಡಿದರು.

"ಇಲ್ಲಿ ಬಾರವ್ವಾ," ಎಂದರು. "ಇಲ್ಲಿ ಬೆಚ್ಚಗದ."