ಬಿದ್ದ ವಿಮಾನ ಹುಡುಕುವ ಕೆಲಸ

ಇವೆಲ್ಲ ನಡೆದದ್ದು ಕಳೆದ ದೀಪಾವಳಿಯಿಂದ ಈ ಮಾರ್ಚ್‌ವರೆಗೆ. ನನ್ನ ಕೆಲಸದಲ್ಲಿ ಇಂಥ ಎಡವಟ್ಟುಗಳು ನಡೆಯುತ್ತಲೇ ಇರುತ್ತವೆ. ತಪ್ಪಿಸಲೆಂದು ಪ್ರತಿ ಸಲ ಪಟ್ಟಿ ಮಾಡುತ್ತೇನೆ. ಪಟ್ಟಿಯಲ್ಲಿ ಇಲ್ಲದ್ದೇ ನಡೆಯುತ್ತದೆ.

೧. ಛತ್ರಿ

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ಬೇಲಾಪುರದ ಒಂದು ಸರ್ವೇ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅರುಣಾಚಲದ ಬೆಟ್ಟಗಳಲ್ಲಿ ಬಿದ್ದ ಸಾಗಣೆ ವಿಮಾನಗಳನ್ನು ಹುಡುಕುವುದು ಆ ಕೆಲಸ. ಮೊದಲು ನಾಲ್ಕು ಸೀಟಿನ ಪುಟ್ಟ ವಿಮಾನದಲ್ಲಿ ಮೇಲಿಂದ ನೋಡಬೇಕು, ಆಮೇಲೆ ನಡೆದು ಹೋಗಬೇಕು. ತಮ್ಮವರು ಎಲ್ಲಿ ಬಿದ್ದರೆಂದು ತಿಳಿಯದ ಕುಟುಂಬಗಳು ವಿದೇಶದಲ್ಲಿ ಇನ್ನೂ ಕಾಯುತ್ತಿವೆ.

ನೇಮಕದ ಪತ್ರವನ್ನು ಥಾಣೆಯ ವರ್ತಕ ನಗರದ ನಮ್ಮ ಹೋಟೆಲಿಗೆ ಒಯ್ದು ಅಪ್ಪನಿಗೆ ತೋರಿಸಿದೆ. ಅವರು ಕ್ಯಾಶ್ ಕೌಂಟರಿನಲ್ಲಿದ್ದರು.

"ವಿಮಾನ ಬಿದ್ದು ಎಷ್ಟು ವರ್ಷ ಆಯ್ತು?"

"ಎಂಬತ್ತು."

"ಡೊಂಬಿವಲಿ ಲೋಕಲ್ ಟ್ರೈನ್‌ನಲ್ಲಿ ಮರೆತ ಛತ್ರಿ ಥಾಣೆ ಬರುವಷ್ಟರಲ್ಲಿ ಸಿಕ್ಕುದಿಲ್ಲ ಮಾರಾಯ್ತಿ." ಪತ್ರ ಮಡಚಿ ಕೊಟ್ಟರು. "ಮಾರ್ಚ್‌ವರೆಗೆ ನೋಡು. ಒಂದಾದರೂ ಸಿಕ್ಕಿದರೆ ನಿನ್ನ ದಾರಿ ನಿನಗೆ. ಇಲ್ಲದಿದ್ದರೆ ಬಂದು ಇದೇ ಕುರ್ಚಿಯಲ್ಲಿ ಕೂತುಕೊ."

ಪಕ್ಕದ ಮೇಜಿನಲ್ಲಿ ಇಡ್ಲಿ ತಿನ್ನುತ್ತಿದ್ದ ಖಾಯಂ ಗಿರಾಕಿ, ಒಬ್ಬರು ಮರಾಠಿ ಅಜ್ಜ, ಎಲ್ಲ ಕೇಳಿಸಿಕೊಂಡಿದ್ದರು. ಬಹಳ ಕಾಳಜಿಯಿಂದ ನನ್ನ ಕಡೆ ತಿರುಗಿದರು. "ಬೇಟಾ, ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ದೀರಿ ತಾನೆ?"

೨. ಕೆಂಪು ಕಲೆ

ಅರುಣಾಚಲದಲ್ಲಿ ಮೊದಲ ಹಾರಾಟ ದೀಪಾವಳಿಯ ಮರುವಾರ. ಪೈಲಟ್ ಕಲ್ಯಾಣದವರು, ವಾಯುಸೇನೆಯಿಂದ ನಿವೃತ್ತರು, ಮಿತಭಾಷಿ. ಕ್ಯಾಮೆರಾವನ್ನು ವಿಮಾನದ ಹೊಟ್ಟೆಯಡಿ ಬಿಗಿದಿದ್ದೆವು. ನಾನು ಒಳಗೆ ಕೂತು ಪರದೆ ನೋಡುತ್ತಿದ್ದೆ.

ಇಪ್ಪತ್ತು ನಿಮಿಷದಲ್ಲಿ ಪರದೆಯ ಎಡಮೂಲೆಯಲ್ಲಿ ಕೆಂಪು ಕಾಣಿಸಿತು. ಹಸಿರು ಕಾಡಿನ ನಡುವೆ ಅಂಥ ಕೆಂಪೆಂದರೆ ಒಂದೇ: ಎಂಜಿನ್ನಿನ ತುಕ್ಕು. ಮೊದಲ ದಿನವೇ ಅಪ್ಪನ ಕುರ್ಚಿ ತಪ್ಪಿತು ಅಂದುಕೊಂಡೆ.

"ಸರ್, ಎಡಕ್ಕೆ."

ಎಡಕ್ಕೆ ತಿರುಗಿಸಿದರು. ಕೆಂಪು ಇನ್ನೂ ಎಡಮೂಲೆಯಲ್ಲೇ ಇತ್ತು.

"ಇನ್ನೂ ಸ್ವಲ್ಪ ಎಡಕ್ಕೆ."

ಹೀಗೆ ಒಂದೇ ಬೆಟ್ಟಕ್ಕೆ ಆರು ಸುತ್ತು ಹಾಕಿದೆವು. ಆಮೇಲೆ ನದಿ ದಾಟಿದೆವು. ಕೆಂಪೂ ನದಿ ದಾಟಿತು. ಪೈಲಟ್ ಒಮ್ಮೆ ಪರದೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ಬೇಟಾ, ನಿನ್ನ ವಿಮಾನ ಬಿದ್ದಿಲ್ಲ. ಎಂಬತ್ತು ವರ್ಷದಿಂದ ಹಾರ್ತಾನೇ ಇದೆ."

ಇಳಿದು ನೋಡಿದರೆ ಲೆನ್ಸಿನ ಮೇಲೆ ಕುಂಕುಮ. ದೀಪಾವಳಿಯ ಅಂಗಡಿ ಪೂಜೆಯಲ್ಲಿ ಅಮ್ಮ ಗ್ರೈಂಡರಿಗೆ, ಫ್ರಿಜ್ಜಿಗೆ ಇಟ್ಟ ಹಾಗೆ ಕ್ಯಾಮೆರಾಕ್ಕೂ ಇಟ್ಟಿದ್ದರು. ಮುಚ್ಚಳ ತೆಗೆದು, ಇಟ್ಟು, ಮತ್ತೆ ಮುಚ್ಚಿದ್ದರು. ಫೋನಿನಲ್ಲಿ ಕೇಳಿದೆ.

"ಮುಚ್ಚಳದ ಮೇಲೆ ಇಟ್ಟಿದ್ದರೆ ಸಾಕಿತ್ತಲ್ಲ ಅಮ್ಮ?"

"ನಿನಗೆ ಜ್ವರ ಬಂದರೆ ಮಾತ್ರೆಯನ್ನು ಚಾದರಕ್ಕೆ ಕೊಡುವುದಾ?"

೩. ತೂಕ

ಜನವರಿಯಲ್ಲಿ ಎರಡನೆಯ ಸಲ ಹೋದೆವು. ನಾವು ಹಾರುವ ಬೆಟ್ಟದ ರನ್‌ವೇ ಚಿಕ್ಕದು, ಕೊನೆಯಲ್ಲಿ ಕಮರಿ. ಹಾಗಾಗಿ ಮನುಷ್ಯರನ್ನೂ ಸಾಮಾನನ್ನೂ ತೂಗಿಯೇ ಹತ್ತಿಸುತ್ತಾರೆ. ನಾನು ಎಲ್ಲದರ ತೂಕ ಗ್ರಾಂ ಲೆಕ್ಕದಲ್ಲಿ ಬರೆದು ತಂದಿದ್ದೆ. ತಕ್ಕಡಿ ಒಂಬತ್ತು ಕಿಲೋ ಹೆಚ್ಚು ತೋರಿಸಿತು.

"ತಕ್ಕಡಿ ಕೆಟ್ಟಿದೆ ಸರ್."

"ಬ್ಯಾಗ್ ಬಿಚ್ಚು."

ಸ್ವೆಟರಿನೊಳಗೆ ಅಮ್ಮ ಅಡಗಿಸಿಟ್ಟ ಐದು ಕಿಲೋ ಕುಚ್ಚಲಕ್ಕಿ ಇತ್ತು. ಎರಡು ಕಾಲುಚೀಲಗಳಲ್ಲಿ ಎರಡು ತೆಂಗಿನಕಾಯಿ. ಟವೆಲಿನೊಳಗೆ ಮಾವಿನ ಮಿಡಿ ಉಪ್ಪಿನಕಾಯಿಯ ಡಬ್ಬ, ನಾಲ್ಕು ಪದರ ಪ್ಲಾಸ್ಟಿಕ್ಕಿನಲ್ಲಿ. ನಾನು ನಾಚಿಕೆಯಿಂದ ಎಲ್ಲವನ್ನೂ ಪಕ್ಕಕ್ಕೆ ಸರಿಸಿದೆ. ಪೈಲಟ್ ಡಬ್ಬ ತೆರೆದು ಒಂದು ಮಿಡಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ನೆಲದಡಿಯ ಲೋಹ ಪತ್ತೆ ಮಾಡುವ ನನ್ನ ಯಂತ್ರದ ಕಡೆ ಬೆರಳು ತೋರಿಸಿದರು.

"ಇದೆಷ್ಟು?"

"ಒಂಬತ್ತು ಕಿಲೋ."

"ಇಳಿಸು."

ಆ ಸಲ ಲೋಹ ಸಿಗಲಿಲ್ಲ. ಉಪ್ಪಿನಕಾಯಿ ನಾಲ್ಕು ದಿನ ಬಂತು.

೪. ಬಾಳೆ ಎಲೆ

ಮಾರ್ಚ್ ಬಂತು. ಅದೇ ಕೊನೆಯ ಹಾರಾಟ. ಹಳೆಯ ನಕ್ಷೆಯೊಂದು ತೋರಿಸಿದ ಬೆಟ್ಟದ ಕೆಳಗಿನ ಹಳ್ಳಿಗೆ ರನ್‌ವೇಯಿಂದ ಒಂದು ದಿನದ ನಡಿಗೆ. ಪೈಲಟ್ ಜೊತೆಗೆ, ಹಿಂದಿ ಬಲ್ಲ ಊರಿನ ಶಾಲೆಯ ಮಾಸ್ತರರೂ ಬಂದರು. ಒಬ್ಬ ಅಜ್ಜಿಯ ಮನೆಯಲ್ಲಿ ಉಳಿದೆವು.

"ಬೆಟ್ಟದ ಮೇಲೆ ವಿಮಾನ ಉಂಟಾ ಅಂತ ಕೇಳಿ," ಎಂದೆ.

ಮಾಸ್ತರರು ಕೇಳಿದರು. ಅಜ್ಜಿ ತಲೆಯಾಡಿಸಿದಳು. "ಮೇಲೆ ಏನೂ ಇಲ್ಲ ಅಂತಾಳೆ."

ಹೊರಡುವಾಗ ಅಮ್ಮ ಒಂದು ಮಾತು ತೆಗೆದುಕೊಂಡಿದ್ದರು: ಮಾಂಸ ಬಡಿಸಿದ ತಟ್ಟೆಯಲ್ಲಿ ಉಣ್ಣಬಾರದು. ಅಜ್ಜಿ ತಟ್ಟೆ ತಂದಾಗ ನಾನು ಕೈಮುಗಿದು ಬೇಡ ಎಂದೆ. ಹಿತ್ತಲಿನ ಕಾಡುಬಾಳೆಯ ಎಲೆ ಕೊಯ್ದು ತಂದು ಅದರಲ್ಲೇ ಉಂಡೆ. ಮಾಂಸಾಹಾರಿ ಪೈಲಟ್ ತಟ್ಟೆಯಲ್ಲಿ ಉಂಡರು.

ಮೂರು ದಿನ ಬೆಟ್ಟ ಹತ್ತಿ ಇಳಿದೆವು. ಜಿಗಣೆ ಕಚ್ಚಿತು. ಮೂರನೆಯ ದಿನ ಒಂದು ದೊಡ್ಡ ಗುಂಡಿ ಸಿಕ್ಕಿತು, ಒಳಗೆ ಏನೂ ಇರಲಿಲ್ಲ. ಕೆಳಗಿಳಿದು ಬರುವಾಗ ಕಣ್ಣ ಮುಂದೆ ಕ್ಯಾಶ್ ಕೌಂಟರ್ ಬಂದು ನಿಂತಿತ್ತು.

ಅಂದು ಅಜ್ಜಿಯ ಹಂದಿಗಳು ಬಾಳೆಗಿಡವನ್ನು ಬುಡಸಮೇತ ಮುಗಿಸಿದ್ದವು. ಅಜ್ಜಿ ಬೂದಿ ಹಾಕಿ ಉಜ್ಜಿದ ತಟ್ಟೆ ತಂದಿಟ್ಟಳು. ಅಮ್ಮನನ್ನು ನೆನೆದುಕೊಂಡು ಉಂಡೆ. ಉಂಡವರೇ ತೊಳೆಯುವುದು ನಮ್ಮ ಮನೆಯ ಪದ್ಧತಿ. ತೊಳೆಯಲು ಮಗುಚಿದೆ.

ತಳದಲ್ಲಿ ವಿಮಾನದ ತಗಡು ಜೋಡಿಸುವಂಥ ರಿವೆಟ್ಟುಗಳ ಸಾಲು. ಅದರ ಪಕ್ಕ ಮಾಸಿದ ಹಳದಿ ಬಣ್ಣದಲ್ಲಿ ನಾಲ್ಕು ಅಂಕಿ. ಕಾಣೆಯಾದ ವಿಮಾನಗಳ ನನ್ನ ಪಟ್ಟಿಯಲ್ಲಿ ಆ ನಾಲ್ಕು ಅಂಕಿಯ ವಿಮಾನ ಒಂದೇ ಇತ್ತು. ತಟ್ಟೆಯನ್ನು ಮಾಸ್ತರರ ಮುಂದೆ ಹಿಡಿದೆ.

"ಇದು ಎಲ್ಲಿಂದ ಬಂತು ಅಂತ ಕೇಳಿ."

"ಮೇಲಿಂದ. ತನ್ನ ಮಾವ ವಿಮಾನವನ್ನು ಕತ್ತರಿಸಿ ಹೊತ್ತು ತಂದಿದ್ದ ಅಂತಾಳೆ. ಬಿದ್ದವರನ್ನು ಮಣ್ಣು ಮಾಡಿದ್ದೂ ಅವನೇ. ಜಾಗ ತೋರಿಸ್ತಾಳಂತೆ."

"ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?"

ಮಾಸ್ತರರು ಕೇಳಿದರು. ಅಜ್ಜಿ ನನ್ನನ್ನು ನೋಡುತ್ತಾ ಉದ್ದಕ್ಕೆ ಏನೋ ಹೇಳಿದಳು. ಮಾಸ್ತರರು ನಗು ತಡೆದುಕೊಂಡರು.

"ಮೇಲೆ ಉಂಟಾ ಅಂತ ಕೇಳಿದಿರಿ, ಇಲ್ಲ ಅಂದೆ. ಬಂದ ದಿನವೇ ತಂದು ಕೈಗೆ ಕೊಟ್ಟೆ, ಈ ಹುಡುಗಿ ಬೇಡ ಅಂತು. ಇನ್ನೇನು ಮಾಡಲಿ ಅಂತಾಳೆ."

ಮೂರು ದಿನ ಅದೇ ವಿಮಾನದಲ್ಲಿ ಉಂಡ ಪೈಲಟ್ ತಮ್ಮ ತಟ್ಟೆ ಮಗುಚಿ ನೋಡಿದರು.

ಮರುದಿನ ಅಜ್ಜಿ ತೋರಿಸಿದ ಜಾಗವನ್ನು ಗುರುತು ಮಾಡಿಕೊಂಡು, ದಿಣ್ಣೆ ಹತ್ತಿ ನೆಟ್‌ವರ್ಕ್ ಹಿಡಿದು ಅಪ್ಪನಿಗೆ ಫೋನ್ ಮಾಡಿದೆ. ಹಿಂದೆ ಹೋಟೆಲಿನ ಗದ್ದಲ ಕೇಳುತ್ತಿತ್ತು.

"ಸಿಕ್ಕಿತಾ?"

"ಸಿಕ್ಕಿತು."

ಅಪ್ಪ ಯಾರಿಗೋ ಚಿಲ್ಲರೆ ಎಣಿಸಿ ಕೊಟ್ಟದ್ದು ಕೇಳಿಸಿತು. "ಎಷ್ಟು ದೊಡ್ಡದುಂಟು?"

"ಹನ್ನೊಂದು ತಟ್ಟೆ, ನಾಲ್ಕು ಬಟ್ಟಲು, ಒಂದು ಸೌಟು."