ಒಂಟಿಗೆ ಮೂವತ್ತೊಂದು ಇಂಚು, ಜೋಡಿಗೆ ಮೂವತ್ತು

ಸನ್ಮಾನ್ಯ ಮುಖ್ಯ ಇಂಜಿನಿಯರ್ ಸಾಹೇಬರಿಗೆ,
ಸೀಟು ಮತ್ತು ಸಸ್ಪೆನ್ಷನ್ ವಿಭಾಗ,
ಮಹಾಬಾಹು ಮೋಟಾರ್ ಕಂಪನಿ

ಮಾನ್ಯರೇ,

ತಾವೂ ತಮ್ಮ ಮನೆಯವರೂ ತಮ್ಮ ಕಾಲುಗಳೂ ಕ್ಷೇಮವೆಂದು ನಂಬಿ, ದೊಡ್ಡಬೆಳವಂಗಲ ಬಸ್ ಸ್ಟ್ಯಾಂಡಿನ ಎದುರು ಇಪ್ಪತ್ತೆಂಟು ವರ್ಷದಿಂದ ಗಂಡಸರ ಪ್ಯಾಂಟು ಹೊಲಿಯುತ್ತಿರುವ ಟೈಲರ್ ದೇವರಾಜ್ ಆದ ನಾನು ಕೈಮುಗಿದು ಬರೆಯುವುದೇನೆಂದರೆ... ಕಾಲುಗಳನ್ನು ಬೇರೆಯಾಗಿ ವಿಚಾರಿಸಿದ್ದಕ್ಕೆ ಕ್ಷಮೆಯಿರಲಿ, ತಮ್ಮ ಗಾಡಿಗಳ ಸೀಟು ನೋಡಿದ ಮೇಲೆ ಅವು ನಮ್ಮ ಹೋಬಳಿಯಲ್ಲಿ ಯಾರಿಗೂ ಇಲ್ಲದಷ್ಟು ಉದ್ದವಿರಬೇಕೆಂದು ಅನ್ನಿಸಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದಾರೆ. ಕಾಲು ಇದ್ದಷ್ಟೇ ಸೀಟು ಏರಿಸು ಅಂತ ತಮಗೆ ಯಾರೂ ಹೇಳಲಿಲ್ಲವೇ ಸ್ವಾಮಿ?

ನನ್ನ ಕಷ್ಟ ಹೀಗಿದೆ. ಹೋದ ವರ್ಷ ನನ್ನ ಹಳೇ ಬೈಕಿನಲ್ಲಿ ಮನೆಯವರಾದ ಅನಸೂಯಳನ್ನು ಕೂರಿಸಿಕೊಂಡು ನಾದಿನಿ ಮಗಳ ನಿಶ್ಚಿತಾರ್ಥಕ್ಕೆ ಹೊರಟಿದ್ದಾಗ, ಹಾಲಿನ ಡೇರಿಯ ಮುಂದಿನ ಹಂಪ್‌ನಲ್ಲಿ ಗಾಡಿ ನಿಧಾನಿಸಿ ಕಾಲು ಊರಲು ಹೋದೆ, ನೆಲ ಸಿಗಲಿಲ್ಲ. ಗಾಡಿ ವಾಲಿತು, ಅವಳು ಹೊಸ ರೇಷ್ಮೆ ಸೀರೆಯ ಸಮೇತ ಯಾರೋ ಇಳಿಸಿದ್ದ ಹಸಿ ಮೇವಿನ ಹೊರೆಯ ಮೇಲೆ ಕೂತಳು. ಪೆಟ್ಟೇನೂ ಆಗಲಿಲ್ಲ, ಆದರೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಅರ್ಧ ಊರು ನೋಡಿತು. ಅಲ್ಲಿಂದೀಚೆಗೆ ಅವಳು ಎಲ್ಲಿಗೇ ಹೋದರೂ ಬಸ್ಸು. ಅವಳ ಬ್ಯಾಗನ್ನು ಟ್ಯಾಂಕಿನ ಮೇಲಿಟ್ಟುಕೊಂಡು ಬಸ್ಸಿನ ಹಿಂದೆ ಹಿಂದೆಯೇ ಹೊಗೆ ಕುಡಿಯುತ್ತಾ ಹೋಗುವವನು ನಾನು. ಕಂಡಕ್ಟರು ಹಿಂದಿನ ಗಾಜಿನಿಂದ ನನಗೆ ಕೈ ಬೀಸುವಷ್ಟು ಸಲಿಗೆ ಬೆಳೆದಿದೆ.

"ನಿಮ್ಮ ಎರಡೂ ಹಿಮ್ಮಡಿ ನೆಲಕ್ಕೂರಿದ್ದನ್ನ ನನ್ನ ಕಣ್ಣಾರೆ ನೋಡೋವರ್ಗೂ ನಾನು ಹತ್ತಲ್ಲ ಕಣ್ರೀ" ಎಂಬುದು ಅವಳ ಆಣತಿ. ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಓಡಾಡುವುದು ನನಗೆ ಸಾಕಾಗಿಹೋಗಿದೆ, ಸಾಹೇಬರೇ. ಬೆನ್ನ ಹಿಂದೆ ಬೈಗುಳ ಕೇಳದೆ ದಾರಿಯೇ ಸಾಗುವುದಿಲ್ಲ. ಅದಕ್ಕೇ ತಮ್ಮ ಕ್ರೂಸರ್ ಬೈಕುಗಳ ಸೀಟು ತಗ್ಗು ಎಂಬ ಜಾಹೀರಾತು ನಂಬಿ, ಟೇಪನ್ನು ಕುತ್ತಿಗೆಗೆ ಹಾಕಿಕೊಂಡೇ ದೊಡ್ಡಬಳ್ಳಾಪುರದ ಶೋರೂಮಿಗೆ ಹೋದೆ.

ಚಪ್ಪಲಿ ಸೇರಿಸಿ ನನ್ನ ಒಳಗಾಲು, ಅಂದರೆ ತೊಡೆಸಂದಿಯಿಂದ ನೆಲದವರೆಗೆ, ಸರಿಯಾಗಿ ಮೂವತ್ತು ಇಂಚು. ತಮ್ಮ ಕರೀ ಗಾಡಿಯ ಸೀಟು ಇಪ್ಪತ್ತೊಂಬತ್ತು. ಆಹಾ, ಪಾದ ಪೂರ್ತಿ ಊರಿತು, ಮನೆಯ ಜಗಲಿ ಮೇಲೆ ಕೂತಷ್ಟು ನೆಮ್ಮದಿ! ಆದರೆ ಟೆಸ್ಟ್ ರೈಡ್ ನೆಪದಲ್ಲಿ ನಮ್ಮೂರ ಡೇರಿ ಹಂಪ್‌ವರೆಗೂ ಓಡಿಸಿಕೊಂಡು ಬಂದಾಗ, ಸೀಟು ತಗ್ಗಿಸಲು ತಾವು ಸ್ಪ್ರಿಂಗನ್ನೇ ಮೊಟಕು ಮಾಡಿದ್ದೀರೆಂದು ನನ್ನ ಬೆನ್ನುಮೂಳೆಗಳು ಒಂದೊಂದಾಗಿ ಎದ್ದು ಸಾಕ್ಷಿ ಹೇಳಿದವು, ಗಾಡಿಯ ಹೊಟ್ಟೆ ಹಂಪ್‌ಗೆ ಕೆರೆಯಿತು. ಅಷ್ಟರಲ್ಲಿ ಶೋರೂಮಿನ ಸೇಲ್ಸ್ ಹುಡುಗಿ ಮಾನಸ ಮೂರು ಸಲ ಫೋನು ಮಾಡಿದ್ದಳು.

ಕೆಂಪು ಗಾಡಿಯ ಸೀಟು ಕಾಗದದ ಮೇಲೆ ಮೂವತ್ತೇ ಇಂಚು. ಅಗಲ ಮಾತ್ರ ಮದುವೆ ಮಂಚದ್ದು. ತೊಡೆ ಅಗಲಿಸಿದರೆ ಕಾಲು ಗಿಡ್ಡವಾಗುತ್ತದೆ ಎಂಬುದು ನಮ್ಮ ಕಸುಬಿನಲ್ಲಿ ಮೊದಲ ವರ್ಷದ ಪಾಠ, ಅದನ್ನು ತಮ್ಮ ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲವೆಂದು ತಿಳಿದು ಬೇಸರವಾಯಿತು.

ಇನ್ನು ಹಸಿರು ಗಾಡಿ. ಅದನ್ನು ಮಾಡಿದ ಕೈಗೆ ಬಂಗಾರದ ಬಳೆ ತೊಡಿಸಬೇಕು! ಅದೇ ಹಂಪ್‌ನ ಮೇಲೆ ತೊಟ್ಟಿಲಂತೆ ತೂಗಿತು, ನನಗೆ ಬೇಕಾದ್ದೂ ಅದೇ. ಸೀಟು ಮೂವತ್ತೊಂದು, ಹಿಮ್ಮಡಿ ಒಂದಿಂಚು ಗಾಳಿಯಲ್ಲಿ.

ಭಾನುವಾರ ಅನಸೂಯಳೇ ತಪಾಸಣೆಗೆ ಬಂದಳು. ನಾನು ಬೆರಳ ತುದಿಯಲ್ಲಿ ನಿಂತಿದ್ದನ್ನು ನೋಡಿ ಮೂತಿ ತಿರುಗಿಸಿದಳು. ಮಾನಸ, "ಆಂಟಿ, ಹಿಡ್ಕೊಂಡಿರ್ತಾರೆ, ಒಂದ್ಸಲ ಹಿಂದೆ ಕೂತ್ನೋಡಿ" ಅಂದಳು. ಇಬ್ಬರು ಮೆಕ್ಯಾನಿಕ್‌ಗಳು ಹಿಡಿದರು, ಅವಳು ಕೂತಳು, ಹಿಂದಿನ ಸ್ಪ್ರಿಂಗ್ ಮೆಲ್ಲಗೆ ಕೆಳಗಿಳಿಯಿತು, ನನ್ನ ಎರಡೂ ಹಿಮ್ಮಡಿ ನೆಲ ಮುಟ್ಟಿದವು! ಆನಂದಕ್ಕೆ ನನಗೆ ಕಣ್ಣೇ ತುಂಬಿತು. "ಎಡಗಾಲು ಕಾಣ್ತು, ಬಲಗಾಲು ನೋಡ್ತೀನಿ ಇರಿ" ಎಂದು ಅವಳು ಇಳಿದಳು. ಗಾಡಿ ಮೇಲೆದ್ದಿತು, ಹಿಮ್ಮಡಿಯೂ ಎದ್ದಿತು. ಹೀಗೆ ಮೂರು ಸಲ ಹತ್ತಿದಳು, ಮೂರು ಸಲ ಇಳಿದಳು. "ನಾನು ಇಳಿದ ತಕ್ಷಣ ಬೆರಳ ಮೇಲೆ ನಿಂತ್ಕೋತೀರಲ್ಲ, ಆಟ ಆಡ್ತಿದೀರಾ?" ಎಂದು ರೇಗಿದಳು. ಮಾನಸ "ಆಂಟಿ, ಅದು ನಿಮ್ಮ ವೆಯ್ಟು..." ಎಂದು ಬಾಯಿ ತೆರೆದಾಗ ನಾನು ಶೋರೂಮು ಅದುರುವಂತೆ ಕೆಮ್ಮಿದೆ.

ಅವಳು ಹತ್ತದೆ ನನ್ನ ಕಾಲು ಊರುವುದಿಲ್ಲ, ನನ್ನ ಕಾಲು ಊರದೆ ಅವಳು ಹತ್ತುವುದಿಲ್ಲ. ಕಾರಣ ಹೇಳೋಣವೆಂದರೆ, ಮಾನ್ಯರೇ, ತಾವು ಮದುವೆಯಾದವರೇ? ಬಾಯಿಗೆ ಬಂದ ಬಿಸಿ ತುಪ್ಪ, ಉಗುಳಲಾರೆ, ನುಂಗಲಾರೆ.

ಆದ್ದರಿಂದ ದಯಮಾಡಿ ತಮ್ಮ ಪುಸ್ತಿಕೆಯಲ್ಲಿ ಸೀಟಿನ ಎತ್ತರವನ್ನು ಒಂಟಿಗಿಷ್ಟು, ಜೋಡಿಗಿಷ್ಟು ಎಂದು ಎರಡು ಸಾಲಿನಲ್ಲಿ ಅಚ್ಚು ಹಾಕಿಸಿ. ಆಗದಿದ್ದರೆ ಹೆಂಡತಿ ಬರುವುದನ್ನು ದೂರದಿಂದ ಕಂಡೊಡನೆ ತಾನಾಗಿ ತಗ್ಗುವ ಸ್ಪ್ರಿಂಗ್ ಮಾಡಿಸಿ, ನಾವೆಲ್ಲ ತಗ್ಗುವುದಿಲ್ಲವೇ? ಅದೂ ಆಗದಿದ್ದರೆ, ಸದರಿ ಗಾಡಿಯು ಹೂವಿನಷ್ಟು ಹಗುರವಾದವರು ಕೂತರೂ ಒಂದಿಂಚು ಇಳಿಯುತ್ತದೆ, ಇದರಲ್ಲಿ ಯಾರ ತೂಕದ ಪಾತ್ರವೂ ಇಲ್ಲ ಎಂದು ಕಂಪನಿಯ ಮೊಹರು ಹಾಕಿ ಒಂದು ಸರ್ಟಿಫಿಕೇಟ್ ಕೊಡಿ. ಪ್ರತಿಫಲವಾಗಿ ಕೆಂಪು ಗಾಡಿಯ ಸೀಟಿಗೆ ಎರಡೂ ಪಕ್ಕ ಟಕ್ ಹಿಡಿದು ಪುಕ್ಕಟೆ ಆಲ್ಟರ್ ಮಾಡಿಕೊಡುತ್ತೇನೆ.

ಬೆರಳ ತುದಿಯಲ್ಲಿ ನಿಂತು ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಟೈಲರ್ ದೇವರಾಜ್

ಮರೆತ ಮಾತು: ಕವರಿಗೆ ಗೋಂದು ಹಚ್ಚು ಅಂತ ಇದನ್ನ ನನ್ನ ಕೈಗೇ ಕೊಟ್ಟು ಊಟಕ್ಕೆ ಕೂತಿದ್ದಾರೆ ನಮ್ಮ ಯಜಮಾನ್ರು, ಜಾಣರು. ಓದಿದೆ. ಸ್ಪ್ರಿಂಗಿನ ವಿಚಾರ ನನಗೆ ಮೊದಲನೇ ಸಲ ಇಳಿದಾಗಲೇ ಗೊತ್ತಾಯ್ತು. ಇನ್ನೆರಡು ಸಲ ಹತ್ತಿ ಇಳಿದಿದ್ದು ಇವರು ಬಾಯಿ ಬಿಡ್ತಾರೋ ಇಲ್ವೋ ನೋಡೋಕೆ. ಸರ್ಟಿಫಿಕೇಟ್ ಏನೂ ಬೇಡ, ಹಸಿರು ಗಾಡಿನೇ ಕಳಿಸಿ. ನಾನಿಲ್ಲದೆ ಇವರ ಕಾಲು ನೆಲದ ಮೇಲೆ ನಿಲ್ಲಲ್ಲ ಅಂತ ಇವರ ಕೈಬರಹದಲ್ಲೇ ಇದೆಯಲ್ಲ, ಅಷ್ಟು ಸಾಕು. ಹಿಂದೆ ಕೂರೋರ ಸೀಟು ಎಷ್ಟು ಎತ್ತರ ಅಂತ ಮಾತ್ರ ನೀವೂ ಬರೆದಿಲ್ಲ, ಇವರೂ ಅಳೀಲಿಲ್ಲ. ಇವರು ಕೆಮ್ಮುತ್ತಾ ಇದ್ದಾಗ ಟೇಪು ತಗೊಂಡು ನಾನೇ ಅಳೆದೆ: ಮೂವತ್ತಮೂರು ಇಂಚು. ಇವರಿಗಿಂತ ಎರಡಿಂಚು ಮೇಲೆ. ಅದು ಸರಿಯಾಗಿದೆ, ಮುಟ್ಟಬೇಡಿ.
ಅನಸೂಯ